ಹೊಳೆಯಾಚೆಯ ಅಪ್ಪ

ಸುರಪುರದ ನಾಲ್ವಡಿ ವೆಂಕಟಪ್ಪ ನಾಯಕ ಚಿಕ್ಕಂದಿನಲ್ಲಿ ಮೆಡೋಸ್ ಟೇಲರನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. ಟೇಲರ್ ತನ್ನ ಆತ್ಮಕಥೆಯಲ್ಲಿ ಆ ಶಬ್ದವನ್ನು ಹಾಗೆಯೇ ಉಳಿಸಿಕೊಂಡಿದ್ದಾನೆ, ಅದಕ್ಕೆ ತಂದೆ ಎಂಬ ಒಂದೇ ಅರ್ಥ ಹಿಡಿದಿದ್ದಾನೆ. ಇಂಗ್ಲಿಷ್ ಓದುಗರಿಗೆ ಅಲ್ಲಿಗೆ ಮಾತು ಮುಗಿಯಿತು. ನಮಗೆ ಮುಗಿಯುವುದಿಲ್ಲ.

ನನ್ನ ತಾಯಿಯ ತವರು ದೇವದುರ್ಗ, ತಂದೆಯ ಊರು ಮಾನ್ವಿ, ನಾನು ಬೆಳೆದದ್ದು ರಾಯಚೂರಿನಲ್ಲಿ. ಈ ಮೂರೂ ಊರುಗಳಲ್ಲಿ ಅಪ್ಪ ಎಂಬುದು ಬರೀ ಹೆತ್ತವನ ಹೆಸರಲ್ಲ. ದೇವದುರ್ಗದ ಸಂತೆಯಲ್ಲಿ ನಮ್ಮಜ್ಜಿ ಜೋಳ ಅಳೆಯುವವನಿಗೆ 'ಯಪ್ಪಾ, ಕೈ ಬಿಗಿ ಹಿಡೀಬ್ಯಾಡ' ಅನ್ನುತ್ತಿದ್ದಳು. ತೊಡೆಯ ಮೇಲಿನ ಮೊಮ್ಮಗನಿಗೂ 'ಉಣ್ಣಪ್ಪಾ' ಅನ್ನುತ್ತಿದ್ದಳು. ಮಠದ ಸ್ವಾಮಿಗಳು ಅಪ್ಪಗಳು. ಸಾಲ ಕೊಟ್ಟ ಸಾಹುಕಾರ ಬಾಗಿಲಿಗೆ ಬಂದು ನಿಂತರೆ ಅವನೂ ಯಪ್ಪಾ, ಲಾಠಿ ಹಿಡಿದ ಪೊಲೀಸನೂ ಯಪ್ಪಾ. ಪ್ರೀತಿ, ಭಕ್ತಿ, ಅಂಜಿಕೆ, ಬೇಡಿಕೆ ಇವೆಲ್ಲ ಆ ಎರಡು ಅಕ್ಷರದಲ್ಲಿ ಹಿಡಿಸುತ್ತವೆ. ಯಾವುದು ಎಷ್ಟಿದೆ ಎಂಬುದು ದನಿಯಲ್ಲಿ ತಿಳಿಯಬೇಕು, ಮುಖ ನೋಡಿ ತಿಳಿಯಬೇಕು. ಏಳೆಂಟು ವರ್ಷದ ಹುಡುಗನೊಬ್ಬ, ತಂದೆಯನ್ನು ಕಳೆದುಕೊಂಡ ಸಂಸ್ಥಾನದ ವಾರಸುದಾರ, ತನ್ನ ರಾಜ್ಯವನ್ನೇ ಕೈಯಲ್ಲಿ ಹಿಡಿದ ಬಿಳಿಯ ಅಧಿಕಾರಿಯನ್ನು ಅಪ್ಪಾ ಅಂದಾಗ ಅದರಲ್ಲಿ ಯಾವುದೆಷ್ಟಿತ್ತು? ಟೇಲರನ ಪುಸ್ತಕವನ್ನು ನಾನು ಮೂರು ಸಲ ಓದಿದ್ದೇನೆ. ಮೂರು ಸಲವೂ ಈ ಪ್ರಶ್ನೆಯೇ ನನ್ನನ್ನು ಕೊನೆಯವರೆಗೆ ಓದಿಸಿತು.

'ದ ಸ್ಟೋರಿ ಆಫ್ ಮೈ ಲೈಫ್' ಪ್ರಕಟವಾದದ್ದು 1877ರಲ್ಲಿ, ಲೇಖಕ ತೀರಿಕೊಂಡ ಮರುವರ್ಷ. ಸಂಪಾದಿಸಿದವಳು ಮಗಳು ಆಲಿಸ್, ಮುನ್ನುಡಿ ಬರೆದವನು ನೆಂಟ ಹೆನ್ರಿ ರೀವ್. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ತಂದೆಯ ವ್ಯಾಪಾರ ಕೆಟ್ಟಿತು, ಹುಡುಗ ಗುಮಾಸ್ತಿಕೆಗೆ ಹೋದ. 1824ರಲ್ಲಿ, ಇನ್ನೂ 15 ವರ್ಷದವನಿದ್ದಾಗ, ಮುಂಬಯಿಯ ಒಂದು ವ್ಯಾಪಾರದ ಮನೆಗೆಂದು ಹಡಗು ಹತ್ತಿದ. ಬಂದು ನೋಡಿದರೆ ಆ ವ್ಯಾಪಾರವೂ ಮುಳುಗುವ ಸ್ಥಿತಿಯಲ್ಲಿತ್ತು. ಅದೇ ವರ್ಷದ ಕೊನೆಗೆ ನಿಜಾಮನ ಸೈನ್ಯ ಸೇರಿದ. ಮುಂದಿನ ಮೂವತ್ತೈದು ವರ್ಷ ಆತನ ಬದುಕು ಹೈದರಾಬಾದು ಸೀಮೆಯದ್ದು, ಅಂದರೆ ನಮ್ಮದು. 1839ರಲ್ಲಿ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿಯಿಂದ ಲಂಡನ್ನಿನಲ್ಲಿ ಹೆಸರಾಯಿತು. 1841ರಲ್ಲಿ ಸುರಪುರಕ್ಕೆ ಬಂದ. ಅಲ್ಲಿ ಹನ್ನೆರಡು ವರ್ಷ ಇದ್ದ. ಆಮೇಲೆ ಬರೆದ ದೊಡ್ಡ ಕಾದಂಬರಿಗಳೆಲ್ಲ ಚರಿತ್ರೆಯವು: ಶಿವಾಜಿ ಕಾಲದ 'ತಾರಾ' (1863), ಪ್ಲಾಸಿ ಕಾಲದ 'ರಾಲ್ಫ್ ಡಾರ್ನೆಲ್' (1865), 1857ರ 'ಸೀತಾ' (1872), ಕೊನೆಗೆ ಚಾಂದಬೀಬಿಯ ಕಾಲದ 'ಎ ನೋಬಲ್ ಕ್ವೀನ್'. ಕಡೆಯದು ಅಚ್ಚಾಗಿ ಬಂದದ್ದು 1878ರಲ್ಲಿ, ಆಗ ಆತ ಇರಲಿಲ್ಲ.

ಇಂಥವನ ಆತ್ಮಕಥೆಯನ್ನು ಓದುವಾಗ ಒಂದು ಸಂಗತಿಯನ್ನು ಮರೆಯಬಾರದು. 'ಕನ್ಫೆಷನ್ಸ್' ಕೂಡ ಆತ್ಮಕಥೆಯ ರೂಪದ್ದೇ. ಅಮೀರ್ ಅಲಿ ಎಂಬ ಠಕ್ಕ ತನ್ನ ಬಾಯಿಂದಲೇ ತನ್ನ ಬದುಕು ಹೇಳಿಕೊಳ್ಳುತ್ತಾನೆ. ತನ್ನ ಕಥೆ ಬರೆಯುವ ಎಷ್ಟೋ ವರ್ಷ ಮೊದಲೇ ಟೇಲರ್ ಇನ್ನೊಬ್ಬನ 'ನಾನು' ಆಗಿ ಬರೆದು ಕೈ ಪಳಗಿಸಿಕೊಂಡಿದ್ದ. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಹಿಡಿದಿಟ್ಟುಕೊಂಡು ಕೊನೆಗೆ ಬಿಡಬೇಕು ಎಂಬುದನ್ನು ಚೆನ್ನಾಗಿ ಬಲ್ಲವನು. ಆತ್ಮಕಥೆಯ ಶಕ್ತಿ ಅದು, ಅದರ ದೋಷವೂ ಅಲ್ಲೇ ಇದೆ.

ಶಕ್ತಿಯ ಮಾತು ಮೊದಲು ಆಡುತ್ತೇನೆ. ಸುರಪುರದ ಅಧ್ಯಾಯಗಳಲ್ಲಿ ಆತ ಊರಿಗೆ ತಂದೆಗೆ ಬರೆದ ಪತ್ರಗಳ ಭಾಗಗಳು ಸೇರಿವೆ. ಅವುಗಳ ನಡೆಯೇ ಬೇರೆ. ಮುಪ್ಪಿನಲ್ಲಿ ಕೂತು ನೆನೆದು ಬರೆದದ್ದಕ್ಕೂ, ಅಂದಂದಿನ ದಣಿವಿನಲ್ಲಿ ತಂದೆಗೆ ಒಪ್ಪಿಸಿದ್ದಕ್ಕೂ ಇರುವ ಅಂತರ ಕಣ್ಣಿಗೆ ಕಾಣುತ್ತದೆ. ಪತ್ರಗಳಲ್ಲಿ ಡೇರೆ ಇದೆ, ಬಿಸಿಲಿದೆ, ಡೇರೆಯ ಮುಂದೆ ಜಮಾಯಿಸಿದ ಜನ ಇದ್ದಾರೆ. ಜಮೀನಿನ ತಂಟೆ, ಬಾಕಿ ಉಳಿದ ಸಂಬಳ, ಖಾಲಿ ಬಿದ್ದ ಖಜಾನೆ ಇವೆ. ಮಗ ಎಂಥ ಕಷ್ಟದ ಕೆಲಸದಲ್ಲಿದ್ದಾನೆ ಎಂದು ತಂದೆಗೆ ತಿಳಿಯಲಿ, ತಿಳಿದು ಹೆಮ್ಮೆಪಡಲಿ ಎಂಬ ಆಸೆ ಸಾಲುಸಾಲಿನಲ್ಲಿ ಕಾಣುತ್ತದೆ. ವ್ಯಾಪಾರದಲ್ಲಿ ಸೋತ ತಂದೆಗೆ, ಹದಿನೈದಕ್ಕೇ ಮನೆಬಿಟ್ಟ ಮಗ ಬರೆಯುತ್ತಿರುವ ಪತ್ರ ಅದು. ಟೇಲರ್ ಕಂಪನಿಯ ಖಾಯಂ ನೌಕರನಾಗಿರಲಿಲ್ಲ, ನಿಜಾಮನ ಕಡೆಯವನು. ಆ ಕೀಳರಿಮೆ ಅವನನ್ನು ಬದುಕಿಡೀ ಕಾಡಿತು. ತಂದೆಯ ಮುಂದೆ ಅದನ್ನು ತುಂಬಿಕೊಳ್ಳಲು ಹೆಣಗುತ್ತಾನೆ. ಕುಟುಂಬದ ನೆನಪು ಎಂದರೆ ನಮಗೆ ಸಾಮಾನ್ಯವಾಗಿ ಹಿಂದಿನದನ್ನು ಬರೆಯುವುದು. ಇಲ್ಲಿ ಅದು ದೂರದಲ್ಲಿ ಬದುಕಿರುವ ತಂದೆಗೆ ಕಾಣಿಸಿಕೊಳ್ಳುವ ರೀತಿ. ಈ ಭಾಗ ನನಗೆ ಇಡೀ ಪುಸ್ತಕದಲ್ಲೇ ಪ್ರಾಮಾಣಿಕವಾಗಿ ಕಾಣುತ್ತದೆ.

ದಿನದ ಬದುಕನ್ನು ನೋಡುವ ಕಣ್ಣು ಟೇಲರನಿಗಿತ್ತು. ಚಿತ್ರ ಬರೆಯುತ್ತಿದ್ದ. 1840ರಿಂದ 1853ರವರೆಗೆ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ವರದಿ ಕಳಿಸುತ್ತಿದ್ದ. ಕೆರೆ ಏರಿಯ ಕೆಲಸ, ರಸ್ತೆಯ ಕೆಲಸ, ಸರ್ವೆ ಇವುಗಳ ಬಗ್ಗೆ ಬರೆಯುವಾಗ ಆತ ಸುಖವಾಗಿರುತ್ತಾನೆ. ಸುರಪುರದ ಹತ್ತಿರದ ಬೋನ್ಹಾಳ ಕೆರೆಗೆ ಇವತ್ತು ಹಕ್ಕಿ ನೋಡಲು ಜನ ಹೋಗುತ್ತಾರೆ. ಆ ಕೆರೆಯ ಕೆಲಸ ಮಾಡಿಸಿದವರಲ್ಲಿ ಈತನ ಹೆಸರೂ ಇದೆ. ಗುಡ್ಡದ ಮೇಲೆ ಟೇಲರ್ ಮಂಜಿಲ್ ಇನ್ನೂ ನಿಂತಿದೆ. ಜನ ಆತನನ್ನು ಮಹಾದೇವ ಬಾಬಾ ಎಂದು ಕರೆದರು. ಹೊಲಗಳ ನಡುವೆ ಬಿದ್ದಿದ್ದ ಹಳೆಯ ಕಲ್ಲುಗೋರಿಗಳನ್ನು ಆತ ಅಗೆಸಿದ, ಅಳೆದ, ಚಿತ್ರ ತೆಗೆದ, 1850ರ ದಶಕದ ಆರಂಭದಲ್ಲಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಬರೆದ. ನಮ್ಮ ಭಾಗದಲ್ಲಿ ಇವುಗಳಿಗೆ ಮೋರೇರ ಮನೆಗಳು ಅನ್ನುತ್ತಾರೆ. ಹಿಂದೆ ಮೋರೇರು ಎಂಬ ಕುಳ್ಳ ಜನ ಇದ್ದರು, ಇವು ಅವರು ಕಟ್ಟಿಕೊಂಡ ಮನೆಗಳು ಎಂದು ಕಥೆ. ಟೇಲರನಿಗೆ ಮಾತ್ರ ಆ ಕಲ್ಲುಗಳಲ್ಲಿ ತನ್ನ ಬ್ರಿಟನ್ನಿನ ಡ್ರುಯಿಡರ ಕಲ್ಲುಗಳು ಕಂಡವು. ಆ ಊಹೆ ಪುರಾತತ್ವದಲ್ಲಿ ನಿಲ್ಲಲಿಲ್ಲ. ಆದರೆ ನನಗೆ ಅದರಲ್ಲಿ ತಪ್ಪಿಗಿಂತ ಒಂಟಿತನವೇ ಹೆಚ್ಚು ಕಾಣುತ್ತದೆ. ಸುರಪುರದ ಹೊಲದಲ್ಲಿ ನಿಂತು, ಬಂಡೆಯೊಂದರಲ್ಲಿ ಹುಟ್ಟಿದ ನಾಡನ್ನು ಕಾಣಲು ಹಂಬಲಿಸಿದ ಮನುಷ್ಯ.

ರಾಯಚೂರಿನ ಕೋಟೆ ನೋಡಿದವರಿಗೆ ಅಲ್ಲಿಯ ಉದ್ದನೆಯ ಕಲ್ಲು ಗೊತ್ತು. 41 ಅಡಿಗೂ ಮೀರಿದ ಒಂದೇ ಕಲ್ಲು, ಅದರ ಮೇಲೆ ಕಾಕತೀಯರ ಕಾಲದ 1294ರ ತೆಲುಗು ಶಾಸನ. ಶಾಸನ ಅರಸರದು, ಅಧಿಕಾರಿಗಳದು. ಆದರೆ ಅಲ್ಲೇ ಗೆರೆಗಳಲ್ಲಿ ಒಂದು ಚಿತ್ರವೂ ಇದೆ. ಆ ಕಲ್ಲನ್ನೇ ಬಂಡಿಯ ಮೇಲೆ ಹೇರಿ ಕೋಣಗಳ ಉದ್ದ ಸಾಲು ಎಳೆಯುತ್ತಿದೆ, ಜನ ಹುರಿದುಂಬಿಸುತ್ತಿದ್ದಾರೆ, ಹಿಂದಿನಿಂದ ಗಾಲಿಗೆ ಮೀಟುಗೋಲು ಕೊಟ್ಟು ನೂಕುತ್ತಿದ್ದಾರೆ. ಹೈಸ್ಕೂಲಿನಲ್ಲಿದ್ದಾಗ ನಾವು ಶಾಸನದ ಕಡೆ ನೋಡುತ್ತಲೇ ಇರಲಿಲ್ಲ, ಕೋಣಗಳನ್ನು ಎಣಿಸುತ್ತಿದ್ದೆವು. ಚಾರಿತ್ರಿಕ ಕಾದಂಬರಿಕಾರನ ಕೆಲಸ ಶಾಸನವನ್ನು ಓದಿಕೊಂಡು ಆ ಚಿತ್ರವನ್ನು ಬರೆಯುವುದು ಎಂದು ನನಗೆ ಆಮೇಲೆ ಅನ್ನಿಸಿತು. ಟೇಲರ್ ಒಳ್ಳೆಯ ಗಳಿಗೆಗಳಲ್ಲಿ ಇದನ್ನು ಮಾಡುತ್ತಾನೆ. ಅದಕ್ಕೇ ಆತನನ್ನು ಬರೀ ವಸಾಹತು ಅಧಿಕಾರಿ ಎಂದು ಬದಿಗೆ ಸರಿಸುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಇನ್ನು ದೋಷ. ಅದು ಜಾತಕದ ಪ್ರಸಂಗದಲ್ಲಿದೆ. ಪುಸ್ತಕದಲ್ಲಿ ಎಲ್ಲರೂ ನೆನಪಿಟ್ಟುಕೊಳ್ಳುವ ಭಾಗವೂ ಅದೇ.

ಟೇಲರ್ ಹೇಳುವ ಪ್ರಕಾರ, ಹುಡುಗನ ತಾಯಿ ರಾಣಿ ಈಶ್ವರಮ್ಮ ಕಾಯಿಲೆ ಬಿದ್ದಾಗ ಆತನನ್ನು ಕರೆಸಿ ಒಂದು ಗುಟ್ಟು ತಿಳಿಸುತ್ತಾಳೆ. ಮಗ ಹುಟ್ಟಿದಾಗ ಬರೆಸಿದ ಜಾತಕದಲ್ಲಿ, ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಹುಡುಗ ಸಾಯುತ್ತಾನೆ ಎಂದಿದೆ. ಜಾತಕ ಬರೆದ ಬ್ರಾಹ್ಮಣನೂ ಅದನ್ನೇ ಹೇಳುತ್ತಾನೆ. ಟೇಲರ್ ಈ ಗುಟ್ಟನ್ನು ಬಚ್ಚಿಟ್ಟುಕೊಳ್ಳುತ್ತಾನೆ. ವರ್ಷಗಳು ಕಳೆಯುತ್ತವೆ. 1853ರಲ್ಲಿ ಸಂಸ್ಥಾನವನ್ನು ಪ್ರಾಯಕ್ಕೆ ಬಂದ ರಾಜನ ಕೈಗೆ ಕೊಟ್ಟು ಟೇಲರ್ ನಳದುರ್ಗದ ಕಡೆಗೆ ಹೊರಡುತ್ತಾನೆ. ಅದೇ ವರ್ಷದ ಒಪ್ಪಂದದಲ್ಲಿ ನಿಜಾಮ ಬೆರಾರ್, ನಳದುರ್ಗ ಮತ್ತು ನಮ್ಮ ರಾಯಚೂರು ದೋಆಬನ್ನು ಕಂಪನಿಗೆ ಒಪ್ಪಿಸಬೇಕಾಗಿ ಬಂದಿತ್ತು. 1858ರ ಫೆಬ್ರವರಿಯಲ್ಲಿ ಸುರಪುರ ಎದ್ದಿತು. ಕಂಪನಿಯ ಪಡೆಯ ಕ್ಯಾಪ್ಟನ್ ನ್ಯೂಬೆರಿ ಅಲ್ಲಿ ಸತ್ತ. ರಾಜ ಹೈದರಾಬಾದಿಗೆ ಹೋಗಿ ಸೆರೆಸಿಕ್ಕ. ಸಿಕಂದರಾಬಾದಿನ ಸೆರೆಯಲ್ಲಿ ಟೇಲರ್ ಅವನನ್ನು ನೋಡಲು ಹೋಗುತ್ತಾನೆ. ಹುಡುಗ ಕಾಲು ಹಿಡಿದು ಅಳುತ್ತಾನೆ. ಮರಣದಂಡನೆ ಮೊದಲು ಗಡೀಪಾರಿಗೆ ಇಳಿಯಿತು, ಆಮೇಲೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಟೇಲರನಿಗೆ ಹಿಗ್ಗೋ ಹಿಗ್ಗು. ಜಾತಕ ಸುಳ್ಳಾಯಿತು ಎಂದು ಬ್ರಾಹ್ಮಣನಿಗೆ ಹೇಳುತ್ತಾನೆ. ಬ್ರಾಹ್ಮಣ ಒಪ್ಪುವುದಿಲ್ಲ, ವರ್ಷ ಇನ್ನೂ ಮುಗಿದಿಲ್ಲ ಎನ್ನುತ್ತಾನೆ. ಹೆಚ್ಚು ದಿನ ಕಳೆಯುವುದಿಲ್ಲ, ಸುದ್ದಿ ಬರುತ್ತದೆ: ಚೆಂಗಲ್ಪಟ್ಟಿನ ದಾರಿಯ ಮೊದಲ ಮಜಲಿನಲ್ಲೇ ರಾಜ ಸತ್ತ, ಬೆಂಗಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ.

ಓದುವಾಗ ಮೈ ಜುಮ್ಮೆನ್ನುತ್ತದೆ. ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡನೆಯ ಸಲ ಓದಿದಾಗ ಕಟ್ಟಡದ ಕೆಲಸ ಕಾಣತೊಡಗಿತು. ಭವಿಷ್ಯ ಮೊದಲೇ ಬಂದು ಕೂತಿದೆ. ಗುಟ್ಟು ಕೆಲವರಿಗೆ ಮಾತ್ರ ಗೊತ್ತು. ನಡುವೆ ವರ್ಷಗಳ ಮರೆವು. ಉಳಿದುಕೊಂಡ ಎಂಬ ಸಂತೋಷ ಉತ್ತುಂಗಕ್ಕೆ ಹೋಗಿ, ಅಲ್ಲಿಂದ ಒಂದೇ ಸಾಲಿನಲ್ಲಿ ಕೆಳಗೆ. ಇದು ಕಾದಂಬರಿಯ ಹೆಣಿಗೆ. ಘಟನೆಗಳನ್ನು ಟೇಲರ್ ಹುಟ್ಟಿಸಿಕೊಂಡ ಎಂದು ನಾನು ಹೇಳುತ್ತಿಲ್ಲ. ಜಾತಕವೂ ಇದ್ದಿರಬಹುದು, ಬ್ರಾಹ್ಮಣನೂ ಹಾಗೆಯೇ ನುಡಿದಿರಬಹುದು. ನನ್ನ ತಕರಾರು ಆ ಹೆಣಿಗೆ ಏನನ್ನು ಮರೆಮಾಡುತ್ತದೆ ಎಂಬುದರ ಬಗ್ಗೆ. ಸಾವು ಜಾತಕದಲ್ಲಿ ಬರೆದಿದ್ದರೆ, ಆ ಹುಡುಗನನ್ನು ಬೆಳೆಸಿದವರು, ಅವನ ರಾಜ್ಯದ ಮೇಲೆ ಕಣ್ಣಿಟ್ಟವರು, ಅವನ ಮೇಲೆ ಸೈನ್ಯ ಕಳಿಸಿದವರು, ಬೆಂಗಾವಲಿನಲ್ಲಿ ಕರೆದೊಯ್ದವರು ಯಾರೂ ಉತ್ತರ ಕೊಡಬೇಕಾಗಿಲ್ಲ. ರಿವಾಲ್ವರು ಆ ಹುಡುಗನ ಕೈಗೆ ಹೇಗೆ ಸಿಕ್ಕಿತು ಎಂಬ ಪ್ರಶ್ನೆಯೂ ಗ್ರಹಗಳ ಪಾಲಾಗುತ್ತದೆ. 1860ರಲ್ಲಿ ಸುರಪುರವನ್ನು ನಿಜಾಮನಿಗೆ ಬಹುಮಾನವಾಗಿ ಕೊಟ್ಟುಬಿಟ್ಟರು, ರಾಯಚೂರನ್ನೂ ಹಿಂದಿರುಗಿಸಿದರು. ಅದು ಯಾವ ಜಾತಕದಲ್ಲೂ ಇರಲಿಲ್ಲ, ಲೆಕ್ಕ ಹಾಕಿ ಮಾಡಿದ್ದು.

ಇಲ್ಲಿ ನನಗೆ ಮಾನ್ವಿ ನೆನಪಾಗುತ್ತದೆ. ಮಾನ್ವಿಯ ಜಗನ್ನಾಥದಾಸರ (1728–1809) ಕಥೆ ನಮ್ಮ ಮನೆಯಲ್ಲಿ ಆರಾಧನೆಯ ದಿನ ತಪ್ಪದೆ ಹೇಳುತ್ತಿದ್ದರು. ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡುವ ವಿಜಯದಾಸರು ಊಟಕ್ಕೆ ಕರೆದರೆ, ಹೊಟ್ಟೆನೋವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡರು. ಹೊಟ್ಟೆನೋವು ನಿಜವಾಗಿ ಬಂತು, ಆಯುಷ್ಯವೇ ತೀರುವಂತಾಯಿತು. ಕೊನೆಗೆ ವಿಜಯದಾಸರ ಮಾತಿನಂತೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ತೆಗೆದು ಶ್ರೀನಿವಾಸಾಚಾರ್ಯರಿಗೆ ಕೊಟ್ಟರು. ಹಾಗೆ ಉಳಿದವರೇ ಮುಂದೆ ಜಗನ್ನಾಥದಾಸರಾಗಿ ಹರಿಕಥಾಮೃತಸಾರ ಬರೆದರು. ಗೋಪಾಲದಾಸರ ಹುಟ್ಟೂರು ದೇವದುರ್ಗ ಸೀಮೆಯ ಮೊಸರಕಲ್ಲು. ಹೀಗಾಗಿ ನಮ್ಮಮ್ಮ, ದೇವದುರ್ಗದವಳು, ಕಥೆ ಮುಗಿದ ಮೇಲೆ ನನ್ನ ತಂದೆಯ ಕಡೆ ನೋಡಿ 'ನಮ್ಮೂರ ಕಡೇರು ಕೊಟ್ಟಾರ, ನಿಮ್ಮೂರ ಕಡೇರು ಇಸ್ಕೊಂಡಾರ' ಅನ್ನುವಳು. ತಂದೆ ತಲೆಬಾಗಿಸಿ ಒಪ್ಪುವರು.

ಇದು ನಂಬಿಕೆಯ ಕಥೆ. ಇದನ್ನು ಚರಿತ್ರೆಯೆಂದು ಟೇಲರನ ಪುಸ್ತಕದ ಎದುರು ನಿಲ್ಲಿಸುತ್ತಿಲ್ಲ. ಆದರೆ ಒಂದೇ ಸೀಮೆಯ ಎರಡು ನೆನಪುಗಳು ಆಯುಷ್ಯವನ್ನು ಎಷ್ಟು ಬೇರೆಬೇರೆಯಾಗಿ ಕಾಣುತ್ತವೆ ನೋಡಿ. ದಾಸರ ಕಥೆಯಲ್ಲಿ ಆಯುಷ್ಯ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕೊಡಬಲ್ಲ ವಸ್ತು. ಹಿರಿಯ ಎನಿಸಿಕೊಂಡವನು ತನ್ನದನ್ನು ಕಳೆದುಕೊಂಡು ಕಿರಿಯನನ್ನು ಉಳಿಸುತ್ತಾನೆ. ಕೃಷ್ಣೆಯ ಈಚೆ ಹೀಗೊಂದು ಕಥೆ ಮನೆಮನೆಯಲ್ಲಿ ನಡೆಯುತ್ತಿದ್ದ ಕಾಲದಲ್ಲೇ, ಹೊಳೆಯಾಚೆ ಅಪ್ಪ ಎನಿಸಿಕೊಂಡವನು ಹುಡುಗನ ಆಯುಷ್ಯವನ್ನು ಕಾಗದದಲ್ಲಿ ಬರೆದಿಟ್ಟದ್ದೆಂದು ನೋಡುತ್ತ ನಿಂತ. ಟೇಲರ್ ಹುಡುಗನಿಗಾಗಿ ಏನೂ ಮಾಡಲಿಲ್ಲ ಎನ್ನುವುದು ಅನ್ಯಾಯ. ಶಿಕ್ಷೆ ಇಳಿಸಲು ಮಾತಾಡಿದ, ಅತ್ತ, ಮುಪ್ಪಿನವರೆಗೂ ಅವನನ್ನು ಮರೆಯಲಿಲ್ಲ. ಆದರೆ ಬರೆಯಲು ಕೂತಾಗ ತನ್ನ ಪಾಲಿನದನ್ನು ಕೊಡಲಿಲ್ಲ. ಕಾದಂಬರಿಕಾರನ ಕೌಶಲ ಆ ಗಳಿಗೆಯಲ್ಲಿ ಅವನ ನೆರವಿಗೆ ಬಂತು, ಅವನನ್ನು ಉಳಿಸಿತು. ಅದಕ್ಕೇ ಪುಸ್ತಕದ ಅತ್ಯಂತ ಚೆಂದದ ಭಾಗವೇ ನನಗೆ ಅದರ ದುರ್ಬಲ ಭಾಗ.

ಕುಟುಂಬದ ವಿಷಯಕ್ಕೆ ಬಂದರೆ ಮೌನ ಇನ್ನೂ ದಟ್ಟವಾಗಿದೆ. ಟೇಲರನ ಹೆಂಡತಿ ಮೇರಿ ಪಾಮರ್, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು. ಆ ವಿಲಿಯಂನ ತಾಯಿ ಫೈಜ್ ಬಕ್ಷ್ ಬೇಗಂ, ಈ ದೇಶದವಳು. ಎಂದರೆ ಆತ್ಮಕಥೆಯನ್ನು ಸಂಪಾದಿಸಿದ ಆಲಿಸಳ ಮುತ್ತಜ್ಜಿ ಒಬ್ಬ ಹಿಂದೂಸ್ತಾನಿ ಮುಸ್ಲಿಂ ಹೆಂಗಸು. ಟೇಲರನ ಕಾದಂಬರಿಗಳಲ್ಲಿ ಬಿಳಿಯರಿಗೂ ಇಲ್ಲಿಯವರಿಗೂ ನಡುವಿನ ಪ್ರೀತಿ ಬರುತ್ತದೆ. 'ಸೀತಾ' ಕಾದಂಬರಿಯ ತಿರುಳೇ ಒಬ್ಬ ಇಂಗ್ಲಿಷ್ ಅಧಿಕಾರಿ ಹಿಂದೂ ವಿಧವೆಯನ್ನು ಮದುವೆಯಾಗುವುದು. ಕಲ್ಪಿತ ಪಾತ್ರಗಳ ಮೇಲೆ ಆತ ಅಷ್ಟು ಧೈರ್ಯದಿಂದ ಬರೆದ. ತನ್ನ ಮನೆಯೊಳಗೇ ಇದ್ದ ಆ ಕಥೆ ಮಾತ್ರ ಆತ್ಮಕಥೆಯ ನಡುಮನೆಗೆ ಬರುವುದೇ ಇಲ್ಲ. ಸುರಪುರದ ವರ್ಷಗಳಲ್ಲೇ ಮೇರಿ ತೀರಿಕೊಂಡಳು. ಓದುಗನಿಗೆ ಆಕೆಯ ದನಿ ಕೇಳುವುದಿಲ್ಲ, ಆಕೆ ಬಿಸಿಲಲ್ಲಿ ಏನು ಉಂಡಳು, ಯಾವ ಭಾಷೆಯಲ್ಲಿ ಮಕ್ಕಳನ್ನು ಮಲಗಿಸಿದಳು ಗೊತ್ತಾಗುವುದಿಲ್ಲ. ದುಃಖ ಹೇಳಲಾರದಷ್ಟು ಇತ್ತೋ, ವಿಕ್ಟೋರಿಯಾ ಕಾಲದ ಮರ್ಯಾದೆ ತಡೆಯಿತೋ, ಮಗಳ ಕತ್ತರಿ ಬಿತ್ತೋ, ತೀರ್ಪು ಕೊಡಲು ನನ್ನ ಬಳಿ ಆಧಾರವಿಲ್ಲ. ಆದರೆ ರಾಣಿ ಈಶ್ವರಮ್ಮನ ಮಂಚದ ಪಕ್ಕ ನಮ್ಮನ್ನು ಕೂರಿಸುವ ಲೇಖಕ ತನ್ನ ಹೆಂಡತಿಯ ಕೋಣೆಯ ಬಾಗಿಲನ್ನು ಮುಚ್ಚಿಟ್ಟಿದ್ದಾನೆ ಎಂಬುದನ್ನು ವಿಮರ್ಶೆ ಗುರುತಿಸಲೇಬೇಕು. ಈಶ್ವರಮ್ಮನ ಖಾಸಗಿ ಬದುಕು, ಅವಳ ಪ್ರಿಯರು, ಅವಳ ಹಟ ಎಲ್ಲವೂ ವಿವರವಾಗಿ ಬರುತ್ತವೆ. ಅವಳಿಗೆ ಇಲ್ಲದ ಮರೆ ಮೇರಿಗೆ ಸಿಕ್ಕಿತು.

'ಎ ನೋಬಲ್ ಕ್ವೀನ್' ಬಗ್ಗೆ ನನಗೆ ಪಕ್ಷಪಾತವಿದೆ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಅದು ತೆರೆದುಕೊಳ್ಳುವುದು ನಮ್ಮ ಕೃಷ್ಣೆಯ ಮೇಲೆ, ಹೊಳೆ ತುಂಬಿ ಬಂದ ದಿನಗಳಲ್ಲಿ. ಲಿಂಗಸುಗೂರು ತಾಲೂಕಿನ ಜಲದುರ್ಗ, ಬೇಡರ ಹಳ್ಳಿ, ಹರಗೋಲಿನಲ್ಲಿ ದಾಟುವ ಎದೆಗಾರಿಕೆ, ಆಮೇಲೆ ಮುದಗಲ್ಲಿನ ಕ್ರೈಸ್ತರು. ಟೇಲರ್ 1860ರಲ್ಲಿ ಊರಿಗೆ ಮರಳಿದವನು, ಡಬ್ಲಿನ್ನಿನ ಹತ್ತಿರದ ಮನೆಯಲ್ಲಿ ನೆಲೆಸಿದ್ದ. ಬರಬರುತ್ತ ಕಣ್ಣು ಮಂದವಾಯಿತು. 1875ರಲ್ಲಿ ಕೊನೆಯ ಸಲ ಈ ನಾಡಿಗೆ ಬಂದು, ಹಿಂದಿರುಗುವಾಗ ಫ್ರಾನ್ಸಿನ ಮೆಂಟೋನಿನಲ್ಲಿ 1876ರ ಮೇ ತಿಂಗಳಲ್ಲಿ ತೀರಿಕೊಂಡ. ಅಂಥ ಮುಪ್ಪಿನಲ್ಲಿ ಆತನಿಗೆ ಈ ಹೊಳೆಯ ಸದ್ದು ಇಷ್ಟು ಸ್ಪಷ್ಟವಾಗಿ ನೆನಪಿತ್ತು. ನಾರಾಯಣಪುರದಿಂದ ನೀರು ಬಿಟ್ಟಾಗ ಹೂವಿನಹೆಡಗಿಯ ಸೇತುವೆ ಮುಳುಗಿ ದೇವದುರ್ಗದವರಿಗೆ ಆಚೆ ದಡ ದೂರವಾಗುತ್ತದೆ. ಅಂಥ ದಿನಗಳಲ್ಲಿ ದಡದಲ್ಲಿ ನಿಂತು ಕೆಂಪು ನೀರಿನ ಮೊರೆತ ಕೇಳಿದವರಿಗೆ ಈ ಪುಟಗಳ ಬೆಲೆ ತಿಳಿಯುತ್ತದೆ. ಇದು ಗೆಜೆಟಿಯರ್ ಓದಿ ಬರೆದ ಹೊಳೆಯಲ್ಲ, ದಾಟಲು ಕಾದು ಕೂತವನು ಬರೆದದ್ದು.

ಹೊಳೆ ಬಿಟ್ಟು ಕಥೆಗೆ ಬಂದರೆ ಸೊರಗುತ್ತದೆ. ವೀರ ಅಬ್ಬಾಸ್ ಖಾನ್, ಚೆಲುವೆ ಜೋಹ್ರಾ, ಕೇಡಿಗ ಕಿಲ್ಲೇದಾರ, ಅಪಹರಣ, ಬಿಡುಗಡೆ ಇವು ಆ ಕಾಲದ ಇಂಗ್ಲಿಷ್ ಪ್ರಣಯ ಕಥೆಗಳ ಸವೆದ ಅಚ್ಚು. ಬೇಡರ ಶೌರ್ಯವನ್ನು ಹೊಗಳುತ್ತಾನೆ, ಅವರ ಮನೆಯೊಳಗೆ ಮಾತ್ರ ಹೋಗುವುದಿಲ್ಲ. ಹನ್ನೆರಡು ವರ್ಷ ಬೇಡರ ಸಂಸ್ಥಾನದಲ್ಲಿ ಬದುಕಿದ ಲೇಖಕನ ಕಾದಂಬರಿಯಲ್ಲಿ ಬೇಡರ ಹೆಣ್ಣುಮಗಳೊಬ್ಬಳು ಒಲೆಯ ಮುಂದೆ ಕೂತು ತನ್ನ ಬದುಕಿನ ಬಗ್ಗೆ ಯೋಚಿಸುವ ಒಂದು ಪುಟ ನನಗೆ ಬೇಕಿತ್ತು. ಸಿಗಲಿಲ್ಲ.

ಅಂಥ ಪುಟ ಹೇಗಿರುತ್ತದೆ ಎಂದು ಕನ್ನಡದ ಓದುಗರಿಗೆ ಗೊತ್ತು. ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ' ಬಂದದ್ದು 2004ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 2008ರಲ್ಲಿ. 1857ರ ದಂಗೆಯ ಕಾಲದಿಂದ ಸ್ವಾತಂತ್ರ್ಯದವರೆಗೆ ನವಲಗುಂದದ ಒಂದು ಮನೆತನದ ಕಥೆ. ಟೇಲರ್ ಬದುಕಿದ ಅದೇ ವರ್ಷಗಳಿಂದ ಹೊರಡುತ್ತದೆ. ಆದರೆ ಅಲ್ಲಿ ಚರಿತ್ರೆ ಪಡಸಾಲೆಗೆ ಬಂದು ಕೂರುವುದು ಹಬ್ಬ, ತಿಥಿ, ಬಾಣಂತನ, ಸಾಲ, ಪ್ಲೇಗುಗಳ ನಡುವೆ. ಹರಟೆ, ಲಲಿತ ಪ್ರಬಂಧಗಳಲ್ಲಿ ದಿನದ ಬದುಕನ್ನು ಬರೆದು ಕೈ ಹದಗೊಂಡವರು ವೈದ್ಯರು. ಆ ಹದವೇ ಕಾದಂಬರಿಗೂ ಬಂತು. ಸಂಡೂರಿನ ವಸುಧೇಂದ್ರರದ್ದೂ ಇದೇ ದಾರಿ. ತಾಯಿಯ ಬಗ್ಗೆ 'ನಮ್ಮಮ್ಮ ಅಂದ್ರೆ ನಂಗಿಷ್ಟ' ಬರೆದವರು, ಎಷ್ಟೋ ವರ್ಷಗಳ ನಂತರ, 2019ರಲ್ಲಿ, ಲಿಸ್ಬನ್ನಿಗೂ ವಿಜಯನಗರಕ್ಕೂ ಸೇತುವೆ ಕಟ್ಟಿ 'ತೇಜೋ ತುಂಗಭದ್ರಾ' ಬರೆದರು. ಆ ಕಾದಂಬರಿಯಲ್ಲಿ ದೊಡ್ಡ ಅರಸರಿಗಿಂತ ಹಳ್ಳಿಯ ಹೆಣ್ಣುಮಕ್ಕಳ, ಲೆಂಕರ ಬದುಕು ನನ್ನನ್ನು ಹೆಚ್ಚು ಹಿಡಿಯಿತು. ಘಟನೆಗಳ ಭರಾಟೆಯಲ್ಲಿ ಅಲ್ಲಲ್ಲಿ ಉಸಿರು ಕಟ್ಟುತ್ತದೆ, ಸಂಶೋಧನೆಯ ಭಾರ ಕೆಲವೆಡೆ ಮೇಲೆ ತೇಲುತ್ತದೆ. ಆದರೂ ತಾಯಿಯ ಅಡಿಗೆಮನೆಯಲ್ಲಿ ಕೂತು ಕಲಿತ ಕಣ್ಣು ಅಲ್ಲಿದೆ. ಟೇಲರನಿಗೆ ಇಲ್ಲದೇ ಹೋದದ್ದು ಆ ಅಡಿಗೆಮನೆ. ಕಚೇರಿಯ ಡೇರೆ, ಅರಮನೆಯ ಹಜಾರ, ಬೇಟೆಯ ಕಾಡು ಎಲ್ಲ ಕಡೆ ಅವನಿಗೆ ಪ್ರವೇಶವಿತ್ತು. ಅಡಿಗೆಮನೆಗೆ ಇರಲಿಲ್ಲ. ಇದ್ದ ಒಂದು ಮನೆಯನ್ನು, ಪಾಮರ್ ಮನೆತನದ್ದನ್ನು, ಆತ ಬರೆಯಲಿಲ್ಲ.

ಸುರಪುರದ ಚರಿತ್ರೆಯನ್ನು ನಮ್ಮ ಕಡೆಯಿಂದ ಬರೆದ ಕಪಟರಾಳ ಕೃಷ್ಣರಾಯರನ್ನು ಇಲ್ಲಿ ನೆನೆಯಬೇಕು. 'ಸುರಪುರ ಸಂಸ್ಥಾನದ ಇತಿಹಾಸ' ಟೇಲರನ ಕಥೆಯೊಂದನ್ನೇ ನಂಬಿ ಕೂರುವ ಸ್ಥಿತಿಯಿಂದ ನಮ್ಮನ್ನು ಹೊರಗೆ ತಂದ ಪುಸ್ತಕ. ಆದರೆ ಇತಿಹಾಸಕಾರ ದಾಖಲೆಯ ಅಂಚಿನಲ್ಲಿ ನಿಲ್ಲಬೇಕು, ಅದು ಅವರ ಧರ್ಮ. ಅಲ್ಲಿಂದ ಮುಂದಿನದು ಕಾದಂಬರಿಯ ಪಾಲು. ದೇವದುರ್ಗ, ಜಾಲಹಳ್ಳಿ, ಗಬ್ಬೂರು, ಅರಕೇರಾ ಕಡೆಯ ಮನೆಗಳಲ್ಲಿ ಅಜ್ಜ ಅಜ್ಜಿಯರ ಬಾಯಲ್ಲಿ ಹೊಳೆಯಾಚೆಯ ರಾಜನ ಮಾತು ಇನ್ನೂ ಅಲ್ಪಸ್ವಲ್ಪ ಉಳಿದಿದೆ. ಅವನು ಗುಂಡು ತಾನೇ ಹಾರಿಸಿಕೊಂಡನೆಂದು ನಂಬದವರೂ ಅವರಲ್ಲಿದ್ದಾರೆ. ನಮ್ಮಜ್ಜಿ ನಂಬುತ್ತಿರಲಿಲ್ಲ. ಕಾರಣ ಕೇಳಿದರೆ ಅವಳ ಬಳಿ ದಾಖಲೆ ಇರಲಿಲ್ಲ. 'ಅಂಥಾ ಮನಿ ಹುಡುಗ ಹಂಗ ಸಾಯಂಗಿಲ್ಲ ಬಿಡಪ್ಪಾ' ಅನ್ನುತ್ತಿದ್ದಳು. ನನ್ನನ್ನೂ ಅಪ್ಪಾ ಅಂದೇ.

ಟೇಲರನ ಪುಸ್ತಕದಲ್ಲಿ ಸೆರೆಮನೆಯ ಆ ಭೇಟಿಯ ಮಾತುಗಳೆಲ್ಲ ಇಂಗ್ಲಿಷಿನಲ್ಲಿವೆ. ನೇಣು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ, ಅದು ಮರ್ಯಾದೆಯ ಸಾವು ಎಂದು ಹುಡುಗ ಕೇಳಿಕೊಂಡದ್ದು ಇಂಗ್ಲಿಷಿನಲ್ಲಿದೆ. ಹೆಂಡಂದಿರನ್ನು ನೋಡಿಕೊಳ್ಳಿ ಎಂದದ್ದೂ ಇಂಗ್ಲಿಷಿನಲ್ಲಿದೆ. ಅವರಿಬ್ಬರೂ ಆ ದಿನ ಯಾವ ಭಾಷೆಯಲ್ಲಿ ಮಾತಾಡಿದರು? ದಖನಿಯಲ್ಲೋ, ಕನ್ನಡದಲ್ಲೋ, ಅರ್ಧ ಅದರಲ್ಲಿ ಅರ್ಧ ಇದರಲ್ಲೋ? ಅಷ್ಟು ಪುಟಗಳನ್ನು ಮತ್ತೆ ಮತ್ತೆ ತಿರುವಿದರೂ ಆ ಹುಡುಗನ ಸ್ವಂತ ಬಾಯಿಯ ಮಾತು ಎಂದು ನನ್ನ ಕೈಗೆ ಸಿಗುವುದು ಎರಡಕ್ಷರ. ಬಾಲ್ಯದಲ್ಲಿ ಅಂದದ್ದು, ಕಾಲು ಹಿಡಿದಾಗಲೂ ಅಂದದ್ದು. ದನಿ ಮಾತ್ರ ಅಚ್ಚಿನಲ್ಲಿ ಬರುವುದಿಲ್ಲ.